ಸಾವ್ಕಾರ್ರು ನಗ್ತಾ ಬಂದ ಮ್ಯಾಲೆ

...ಅಂಗಲ್ಲ ಕಣ್ರೇ, ಕಂಪನಿ ಮುಳುಗಾದು ಒಂದೇ ದಿನಕ್ಕಲ್ಲ. ಬರ್ರಿ, ಇಲ್ಲೇ ಕುಂತ್ಕಳ್ರಿ, ಹೇಳ್ತೀನಿ. ದುರ್ಗದ ಹೊರಗೆ ಹೈವೇ ಪಕ್ಕ ಕಬ್ಬಿಣದ ಶೆಡ್ ಕಟ್ಟೋ ಕಂಪನಿ ಇತ್ತಲ್ಲ, ನಾನು ಅಲ್ಲಿ ಬಣ್ಣದ ಕೆಲ್ಸಕ್ಕಿದ್ದೆ. ವೆಲ್ಡಿಂಗ್ ಆದ ಕಂಬ, ತೊಲೆ ಎಲ್ಲಾಕ್ಕೂ ತುಕ್ಕು ಹಿಡೀದಂಗೆ ಕೆಂಪು ಬಣ್ಣ ಬಳಿಯಾದು. ಬೆಳಿಗ್ಗೆ ಬಂದು ಆಫೀಸ್ ಗುಡಿಸಿ ದೇವರ ಫೋಟೋಕ್ಕೆ ಹೂವ ಇಡಾದೂ ನಂದೇ. ನಿಮ್ಮ ತಾತ ಹೋದ್ಮೇಲೆ ಒಲೆ ಉರಿದಿದ್ದು ಆ ಕೆಲ್ಸದಿಂದ್ಲೇ. ಎಷ್ಟು ಉಜ್ಜಿದ್ರೂ ಉಗುರಿನ ಕೆಂಪು ಹೋಗ್ತಿರ್ಲಿಲ್ಲ ಗೊತ್ತಾ, ಬಸ್ನಾಗೆ ಕಂಡಕ್ಟರು, "ಏನಜ್ಜಿ, ಮದರಂಗಿ ಜೋರಾಗೈತೆ?" ಅನ್ನೋನು. ಇರ್ಲಿ, ಎಲ್ಲಿದ್ದೆ... ಹಾಂ, ಕಂಪನಿ ಮಾಲೀಕ್ರು, ನಮ್ ಸಾವ್ಕಾರ್ರು. ನಮ್ ಕಡೆ ತಿರುಗೂ ನೋಡದ ಮನುಷ್ಯ ಒಂದಿನ ಯಾರ್ಡಿಗೇ ಬಂದು, ನಗ್ತಾ, "ಊಟ ಆಯ್ತಾ ಅಮ್ಮ? ಮೊಮ್ಮಕ್ಕಳು ಚೆನ್ನಾಗಿದಾರಾ? ನೀವೆಲ್ಲ ನಮ್ಮ ಮನೆಯವರಿದ್ದಂಗೆ" ಅಂದ್ರು. ಇವತ್ತೇನಪ್ಪ ಇಷ್ಟು ನಯ ಅಂತ ನಾನು ಬ್ರಶ್ ಕೆಳಗಿಟ್ಟು ಅವ್ರನ್ನೇ ನೋಡ್ದೆ.

ಆಮೇಲೆ ಕಬ್ಬಿಣದ ಲಾರಿ ಬರಾದು ನಿಂತೋಯ್ತು. ನಿಂತೋಯ್ತು ಅಂದ್ರೆ ಒಂದೇ ಸಲ ಅಲ್ಲ, ಕಮ್ಮಿ ಆಗ್ತಾ ಆಗ್ತಾ. ಖಾಲಿ ಲಾರಿ ಬರಾವು, ಮಿಶನ್ ಹೇರ್ಕೊಂಡು ಹೋಗಾವು. "ಸರ್ವೀಸ್‌ಗೆ" ಅನ್ನೋರು ಮ್ಯಾನೇಜರು. ಮಿಶನ್ ಬಿಚ್ಚಿ ಕೊಡ್ತಿದ್ದೋನು ವೆಲ್ಡರ್ ಮೆಹಬೂಬ. ದಿನಾ ಆಫೀಸ್ನಾಗೆ ಮ್ಯಾನೇಜರ ಜೊತೆ ಅದೇನ್ ಪಿಸಪಿಸ ಅಂತ ಎಲ್ರಿಗೂ ಅವನ ಮ್ಯಾಲೇ ಅನುಮಾನ. ನಾನು ನೇರ ಕೇಳ್ದೆ, "ಲೇ ಮೆಹಬೂಬ, ನಿಂಗೇನಂತ ಆಸೆ ಹುಟ್ಸವ್ರೆ?" "ಅಲ್ಲಾನಾಣೆ ಅಕ್ಕಾ, ಹೊಸಾ ಮಿಶನ್ ಬರ್ತಾವೆ, ನೀನೇ ಫೋರ್ಮನ್ನು ಅಂದವ್ರೆ." ಮುಖ ನೋಡ್ದೆ. ಸುಳ್ಳಾಡೋ ಮುಖ ಅಲ್ಲ, ನಂಬಿ ಕೆಟ್ಟೋನ ಮುಖ.

ಒಂದು ಸೋಮವಾರ ಹೂವ ಹಿಡ್ಕೊಂಡು ಆಫೀಸ್ಗೆ ಹೋಗ್ತೀನಿ, ಗೋಡೆ ಮ್ಯಾಲೆ ದೇವರೇ ಇಲ್ಲ! ಮೊಳೆ ಐತೆ, ಬೆಳ್ಳಗೆ ಚೌಕದ ಗುರುತೈತೆ, ದೇವರಿಲ್ಲ. "ಸಾರ್, ಫೋಟೋ?" ಅಂದ್ರೆ ಮ್ಯಾನೇಜರು, "ಗಾಜು ಒಡೆದಿತ್ತಮ್ಮ, ಹಾಕ್ಸೋಕೆ ಕೊಟ್ಟಿದೀವಿ" ಅಂತಾರೆ. ಶನಿವಾರ ನಾನೇ ಒರೆಸಿದ ಗಾಜು! ಓಡಿಬಂದು ಮೆಹಬೂಬಂಗೆ ಅಂದೆ, "ದೇವರನ್ನೇ ಎತ್ಕೊಂಡ್ಹೋಗವ್ರೆ ಕಣಪ್ಪ. ಇನ್ನಿವ್ರು ಇರಾರಲ್ಲ." ಅವತ್ತು ಯಾರ್ಡಿನ ಕ್ರೇನ್ ಒಯ್ಯಾಕೆ ಲಾರಿ ಬಂದಿತ್ತು. ಅವನು ಸ್ಪಾನರ್ ಕೆಳಗಿಟ್ಟ. "ಕ್ರೇನ್ ನಾನು ಬಿಚ್ಚಲ್ಲ" ಅಂದ. ಎಲ್ರೂ ಗೇಟಿಗೆ ಅಡ್ಡ ಕುಂತ್ವಿ, ಲಾರಿ ಖಾಲೀನೇ ವಾಪಸ್ ಹೋಯ್ತು. ಏನ್ ಬಂತು ಹೇಳ್ರಿ? ಸ್ವಲ್ಪ ದಿನಕ್ಕೆ ಗೇಟಿಗೆ ಬೀಗ, ಬೀಗದ ಪಕ್ಕ ನೋಟೀಸು. ಕಂಪನಿ ದಿವಾಳಿ. ಮನೆಗೋಗಿ ಏನಂತ ಹೇಳಾದು ಅಂತ ಎಲ್ರೂ ರಸ್ತೆ ಪಕ್ಕಾನೇ ಬುತ್ತಿ ಬಿಚ್ಚಿ ಉಂಡ್ವಿ. ಬಾಕಿ ಸಂಬಳ "ಬರುತ್ತೆ, ಬರುತ್ತೆ" ಅಂತವ್ರೆ, ಇವತ್ತಿಗೂ. ಮೆಹಬೂಬ ದುರ್ಗದಾಗೆ ಗ್ರಿಲ್ ಅಂಗಡಿ ಇಟ್ಟು ನನ್ನೂ ಬಣ್ಣಕ್ಕೆ ಕರೆದ. ಮೊದ್ಲ ದಿನ, "ಕುಂತ್ಕಳಕ್ಕಾ, ಟೀ ಕುಡಿ" ಅಂದ್ರೆ, ಇವನ್ಯಾಕೆ ಇಷ್ಟು ನಯವಾಗಿ ಮಾತಾಡ್ತಾನೆ ಅಂತ ಮೊದ್ಲು ಅಂಗಡಿ ಮಿಶನ್ ಎಲ್ಲಾ ಐತಾ ಅಂತ ತಿರುಗಿ ನೋಡ್ದೆ. ಅಂಗಾಗೋಗಿತ್ತು ಮನಸು.

ಅದುಕ್ಕೇ ಹೇಳಾದು, ಕೆಲ್ಸ ಕೊಟ್ಟೋರ ಬಾಯಿ ನೋಡಬ್ಯಾಡ್ರಿ, ಕೈ ಏನ್ ಮಾಡ್ತೈತೆ ನೋಡ್ರಿ. ಏಳ್ರಿ ಈಗ, ಉಣ್ಣಾಣ.