ಆ ದಿನ ನಾನು ಚಪ್ಪಾಳೆ ತಟ್ಟಿರಲಿಲ್ಲ

ನಾನು, ಕೆಳಗೆ ಸಹಿ ಮಾಡಿರುವವಳು. ವಯಸ್ಸು ಇಪ್ಪತ್ತು ವರ್ಷ. ಉದ್ಯೋಗ: ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ, ಕಾಲೇಜಿನ ನಾಟಕ ತಂಡದಲ್ಲಿ ರಂಗದ ಹಿಂದಿನ ಕೆಲಸ. ವಾಸ: ಬಸ್ ಡಿಪೋ ಹಿಂಭಾಗದ ರಸ್ತೆ, ಟೈಲರ್ ಅಂಗಡಿಯ ಮೇಲಿನ ಮನೆ, ತಂದೆ ತಾಯಿಯ ಜೊತೆ. ಇಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಠಾಣೆಗೆ ಸ್ವತಃ ಹಾಜರಾಗಿ, ಕಂಡದ್ದನ್ನು ಕಂಡ ಹಾಗೆ ಹೇಳಿ ಬರೆಸುತ್ತಿರುವುದೇನೆಂದರೆ:

ನಾನು ಬಣ್ಣ ಹಚ್ಚಿ ಪಾತ್ರ ಮಾಡುವವಳಲ್ಲ. ಪರದೆ ಎಳೆಯುವುದು, ಕುರ್ಚಿ ಮೇಜು ಇಟ್ಟು ತೆಗೆಯುವುದು, ಮಾತು ಮರೆತವರಿಗೆ ಮರೆಯಿಂದ ಎತ್ತಿಕೊಡುವುದು ನನ್ನ ಕೆಲಸ. ಈ ಸಲದ ನಾಟಕದಲ್ಲಿ ಇನ್ನೊಂದು ಕೆಲಸವೂ ಇತ್ತು. ಎರಡನೇ ಅಂಕದಲ್ಲಿ ಅಣ್ಣ ತಂಗಿಯ ಕಪಾಳಕ್ಕೆ ಬಾರಿಸುವ ದೃಶ್ಯವಿದೆ. ನಿಜವಾಗಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಅಣ್ಣನ ಪಾತ್ರದವನು ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತು ಬಲಗೈ ಬೀಸುತ್ತಾನೆ. ಕೈ ತಂಗಿಯ ಮುಖದಿಂದ ಒಂದು ಗೇಣು ದೂರದಲ್ಲಿ ಹಾದುಹೋಗುತ್ತದೆ. ಅವಳು ಸರಕ್ಕನೆ ಮುಖ ಹೊರಳಿಸುತ್ತಾಳೆ. ಅದೇ ಕ್ಷಣಕ್ಕೆ ಸೈಡ್ ವಿಂಗಿನ ಕಪ್ಪು ಪರದೆಯ ಹಿಂದೆ ಎಂಟು ಅಡಿ ದೂರದಲ್ಲಿ ನಿಂತ ನಾನು ಒಂದು ಚಪ್ಪಾಳೆ ತಟ್ಟುತ್ತೇನೆ. ಕುಳಿತವರಿಗೆ ನಿಜವಾಗಿ ಹೊಡೆದಂತೆಯೇ ಕೇಳಿಸುತ್ತದೆ. ಒಂದೂವರೆ ತಿಂಗಳ ತಾಲೀಮಿನಲ್ಲಿ ಇದನ್ನು ತಟ್ಟಿ ತಟ್ಟಿ ನನ್ನ ಅಂಗೈ ಊದಿಕೊಂಡಿತ್ತು. ಓದೋಕೆ ಅಂತ ಕಳಿಸಿದರೆ ಚಪ್ಪಾಳೆ ತಟ್ಟಿ ಬರುತ್ತೀಯಲ್ಲೇ ಎಂದು ಅಮ್ಮ ಬೈಯುತ್ತಾ ಎಣ್ಣೆ ಹಚ್ಚಿದ್ದಳು. ತಂಡದಲ್ಲಿ ನನ್ನ ಹೆಸರೇ ಚಪ್ಪಾಳೆ ಎಂದಾಗಿತ್ತು.

ಅಣ್ಣನ ಪಾತ್ರ ಮಾಡುವವನು ಕೊನೆಯ ವರ್ಷದ ವಿದ್ಯಾರ್ಥಿ. ಹಿಂದಿನ ಎರಡು ವರ್ಷವೂ ರಾಜನ ಪಾತ್ರವನ್ನೇ ಮಾಡಿದ್ದರಿಂದ ಎಲ್ಲರೂ ಅವನನ್ನು ದೊರೆ ಎನ್ನುತ್ತಾರೆ. ಅವನೂ ಅದಕ್ಕೆ ಓಗೊಡುತ್ತಾನೆ. ತಂಗಿಯ ಪಾತ್ರದವಳು ನನ್ನ ಸಹಪಾಠಿ, ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಾಳೆ. ಗಿಡ್ಡಗಿರುವುದರಿಂದ ಗುಬ್ಬಿ ಎಂಬ ಹೆಸರು ಬಿದ್ದಿದೆ. ಆದರೆ ಅವಳ ದನಿ ಮೈಕಿಲ್ಲದೆ ಕಡೆಯ ಸಾಲಿಗೆ ಮುಟ್ಟುತ್ತದೆ. ಕೈ ಬೀಸುವ ಮುಂಚೆ ಗುಬ್ಬಿ ತನ್ನ ಎಡಗೈ ಮುಷ್ಟಿ ಬಿಗಿಯಬೇಕು. ತಾನು ಸಿದ್ಧ ಎಂಬುದಕ್ಕೆ ಅದೇ ಗುರುತು. ಮುಷ್ಟಿ ಬಿಗಿಯದೆ ಕೈ ಎತ್ತುವಂತಿಲ್ಲ ಎಂದು ನಿರ್ದೇಶಕರೇ ಮೊದಲ ದಿನ ಕಟ್ಟಪ್ಪಣೆ ಮಾಡಿದ್ದರು. ನಿರ್ದೇಶಕರು ನಮ್ಮ ಕಾಲೇಜಿನ ಅಧ್ಯಾಪಕರು. ಅವರನ್ನು ಸರ್ ಎಂದೇ ಬರೆಸುತ್ತೇನೆ.

ಮೊದಲ ಪ್ರದರ್ಶನ ಗುರುವಾರ ಸಂಜೆ ನಡೆಯಿತು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಎರಡನೇ ಪ್ರದರ್ಶನ ಶುಕ್ರವಾರ ಸಂಜೆ ಆರೂವರೆಗೆ ಶುರುವಾಯಿತು. ಮೊದಲ ಅಂಕದಲ್ಲಿ ದೊರೆ ಮಾತು ಮರೆತ. ಅರ್ಧ ಪುಟ ಹಾರಿಸಿ, ಮುಂದೆ ಎಲ್ಲಿ ಇಳಿಯಬೇಕೆಂದು ತಿಳಿಯದೆ ಕಂಬದಂತೆ ನಿಂತ. ನಾನು ಎರಡು ಸಲ ಮಾತು ಎತ್ತಿಕೊಟ್ಟೆ. ಅವನಿಗೆ ಅದು ಕೇಳಿಸಲಿಲ್ಲ. ಆಗ ಗುಬ್ಬಿ, ನಾಟಕದಲ್ಲಿ ಇಲ್ಲದ ಒಂದು ಮಾತು ಹುಟ್ಟಿಸಿ, ಅಪ್ಪ ಮನೆ ಬಿಟ್ಟು ಹೋದ ದಿನ ನೀನೆಲ್ಲಿದ್ದೆ, ಅದನ್ನಾದರೂ ಹೇಳಣ್ಣ ಎಂದು ಕೇಳಿದಳು. ಅವನಿಗೆ ದಾರಿ ಸಿಕ್ಕಿತು. ಅದು ಬರೆದ ಮಾತೇ ಇರಬೇಕೆಂದುಕೊಂಡ ಪ್ರೇಕ್ಷಕರು ಅವಳಿಗೆ ಚಪ್ಪಾಳೆ ಹೊಡೆದರು.

ಬಿಡುವಿನಲ್ಲಿ ಎಲ್ಲರೂ ಗ್ರೀನ್ ರೂಮಿನಲ್ಲಿ ಟೀ ಕುಡಿಯುತ್ತಿದ್ದಾಗ ಸರ್ ಬಂದು, ಇವತ್ತು ನಾಟಕದ ಮಾನ ಉಳಿಸಿದ್ದು ಗುಬ್ಬಿ ಎಂದು ಹೇಳಿ ಹೋದರು. ದೊರೆ ಟೀ ಲೋಟ ಕೆಳಗಿಟ್ಟು, ಮಾತು ಎತ್ತಿಕೊಡುವವಳು ನಿದ್ದೆ ಮಾಡುತ್ತಿದ್ದಳಾ ಎಂದು ನನ್ನ ಕಡೆ ನೋಡಿ ಕೇಳಿದ. ನಾನು ಎರಡು ಸಲ ಕೊಟ್ಟೆ ಎಂದೆ. ಆಮೇಲೆ ಅವನು ಗುಬ್ಬಿಗೆ, "ನನ್ನ ಮಾತು ನನಗೇ ಕಲಿಸೋಕೆ ಬರಬೇಡ" ಎಂದ. ಅವಳು, "ನೀನೇ ಕಲ್ತಿದ್ದಿದ್ರೆ ಯಾರು ಬರ್ತಿದ್ರು?" ಎಂದಳು. ಕೆಲವರು ನಕ್ಕರು. ನಾನೂ ನಕ್ಕೆ. ದೊರೆ ನಗಲಿಲ್ಲ.

ಏಳು ಮುಕ್ಕಾಲರ ಹೊತ್ತಿಗೆ ಸದರಿ ಹೊಡೆಯುವ ದೃಶ್ಯ ಬಂದಿತು. ನಾನು ನನ್ನ ಜಾಗದಲ್ಲಿದ್ದೆ. ಪರದೆಯ ಸಂದಿನಿಂದ ಗುಬ್ಬಿಯ ಮುಖ, ಎಡಗೈ ಎರಡೂ ಕಾಣುತ್ತಿದ್ದವು. ಗುಬ್ಬಿ ಹೇಳಬೇಕಾದ ಎರಡು ಮಾತು ಇನ್ನೂ ಬಾಕಿ ಇದ್ದವು. ಅವಳ ಮುಷ್ಟಿ ಬಿಗಿದಿರಲಿಲ್ಲ. ಬೆರಳುಗಳು ಸಡಿಲವಾಗಿ ಮೇಜಿನ ಅಂಚಿನ ಮೇಲಿದ್ದವು. ನಾನು ಎರಡೂ ಕೈ ಎತ್ತಿ, ಅಂಗೈಗಳ ನಡುವೆ ಒಂದು ಅಡಿ ಜಾಗ ಬಿಟ್ಟು ಕಾಯುತ್ತಿದ್ದೆ. ಅಷ್ಟರಲ್ಲಿ ಸದ್ದು ಬಂದುಬಿಟ್ಟಿತು.

ಇದನ್ನು ನಾನು ಈಗಾಗಲೇ ನಾಲ್ಕು ಜನರಿಗೆ ಹೇಳಿದ್ದೇನೆ, ಇದು ಐದನೆಯ ಸಲ. ಸದ್ದು ಬಂದಾಗ ನನ್ನ ಕೈಗಳು ಗಾಳಿಯಲ್ಲಿದ್ದವು. ಆಮೇಲೂ ಅವು ಸೇರಲಿಲ್ಲ. ಅಂದು ನಾನು ಚಪ್ಪಾಳೆ ತಟ್ಟಲೇ ಇಲ್ಲ.

ಗುಬ್ಬಿ ಮೇಜು ಹಿಡಿದುಕೊಂಡಳು. ಬಾಕಿ ಇದ್ದ ಎರಡು ಮಾತುಗಳನ್ನೂ ಬಿಡದೆ ಹೇಳಿದಳು. ಇನ್ನೂ ಇಪ್ಪತ್ತು ನಿಮಿಷದ ನಾಟಕವಿತ್ತು. ಅದನ್ನೂ ಮುಗಿಸಿದಳು. ಪರದೆ ಎಳೆದ ಮೇಲೆ ನನ್ನ ಹತ್ತಿರ ಬಂದು, "ಕಿವಿಯೊಳಗೆ ಗುಂಯ್ ಅಂತಿದೆ ಕಣೇ. ನೀನು ಮಾತಾಡ್ತಿರೋದು ಕಾಣಿಸ್ತಿದೆ, ಸರಿಯಾಗಿ ಕೇಳಿಸ್ತಿಲ್ಲ" ಎಂದು ಬೇಕಾದ್ದಕ್ಕಿಂತ ಜೋರಾಗಿ ಹೇಳಿದಳು. ನಾನೇ ಎಣ್ಣೆ ಹಚ್ಚಿ ಅವಳ ಮುಖದ ಬಣ್ಣ ಒರೆಸಿದೆ. ಬಣ್ಣ ಹೋಯಿತು, ಎಡಗೆನ್ನೆಯ ಮೇಲಿನ ಬೆರಳಿನ ಗುರುತು ಹೋಗಲಿಲ್ಲ.

ಅಷ್ಟರಲ್ಲಿ ಸರ್ ಒಳಗೆ ಬಂದರು. ಬಹಳ ಖುಷಿಯಲ್ಲಿದ್ದರು. ಬಂದವರೇ ನನ್ನ ಬೆನ್ನು ತಟ್ಟಿ, "ಕಪಾಳಮೋಕ್ಷ ಅಂದ್ರೆ ಇವತ್ತಿಂದು ನೋಡಮ್ಮ. ನಿನ್ನ ಟೈಮಿಂಗಿಗೆ ಸಾಟಿ ಇಲ್ಲ" ಎಂದರು. ಸರ್, ನಾನು ತಟ್ಟಲೇ ಇಲ್ಲ ಎಂದೆ. ಅವರು ಅದನ್ನು ವಿನಯ ಎಂದುಕೊಂಡು ನಕ್ಕು ಮುಂದೆ ಹೋದರು.

ಶನಿವಾರ ಬೆಳಿಗ್ಗೆ ಗುಬ್ಬಿಯನ್ನು ಅವಳ ಚಿಕ್ಕಮ್ಮ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಡಾಕ್ಟರು ನೋಡಿ, ಎಡಗಿವಿಯ ತಮಟೆ ಹರಿದಿದೆ, ತಾನಾಗಿ ಕೂಡಿಕೊಳ್ಳಬಹುದು, ಕೂಡದಿದ್ದರೆ ಆಪರೇಷನ್ ಆಗಬೇಕು ಎಂದರು. ಹೇಗಾಯಿತು ಎಂದು ಕೇಳಿದರು. ಚಿಕ್ಕಮ್ಮ ನನಗಿಂತ ಮುಂಚೆ ಬಾಯಿ ಹಾಕಿ, ನಾಟಕದಲ್ಲಿ ಏಟು ಬಿತ್ತು ಎಂದರು. ಡಾಕ್ಟರು ಹಾಗೆಯೇ ಬರೆದುಕೊಂಡರು. ಹೊರಗೆ ಬಂದು ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದ್ದಕ್ಕೆ, "ಅಲ್ಲ ಮಗಳೇ, ಹುಡುಗ ಹೊಡೆದ ಅಂದ್ರೆ ಯಾಕೆ ಹೊಡೆದ ಅಂತಾರೆ. ಆಮೇಲೆ ಇವಳೇನು ಮಾಡಿದ್ಲು ಅಂತಾರೆ. ಬೇಲಿಗೆ ಹಾಕಿದ ಬಟ್ಟೆ ಅದು, ಎಳೆದಷ್ಟೂ ಹರಿಯೋದೇ" ಎಂದರು.

ಅದೇ ದಿನ ಮಧ್ಯಾಹ್ನ ತಾಲೀಮಿನ ಕೋಣೆಯಲ್ಲಿ ಸರ್ ನಮ್ಮ ಮೂವರನ್ನೂ ಕೂರಿಸಿ ಕೇಳಿದರು. ದೊರೆ ತಾನು ಮುಟ್ಟಲೇ ಇಲ್ಲ, ಎಲ್ಲರೂ ಕೇಳಿದ್ದು ಚಪ್ಪಾಳೆಯ ಸದ್ದು ಎಂದ. ನಾನು ತಟ್ಟಿಲ್ಲ ಎಂದೆ. ಸರ್, ಕತ್ತಲಲ್ಲಿ ನಿಂತು ದಿನಾ ಮಾಡುವ ಕೆಲಸ, ಮಾಡಿದ್ದು ಮರೆತಿರುತ್ತೀಯ ಎಂದರು. ಪ್ರೇಕ್ಷಕರಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದ ಶುಕ್ರವಾರದ ವಿಡಿಯೋ ತೋರಿಸಿದರು. ಅದರಲ್ಲಿ ದೊರೆಯ ಬೆನ್ನು ಕಾಣುತ್ತದೆ, ಒಂದು ಸದ್ದು ಕೇಳುತ್ತದೆ. ಗುರುವಾರದ ವಿಡಿಯೋದಲ್ಲೂ ಬೆನ್ನೇ, ಸದ್ದೂ ಒಂದೇ. ಎರಡು ಸದ್ದಿಗೂ ವ್ಯತ್ಯಾಸ ಹೇಳು ನೋಡೋಣ ಎಂದರು. ನನಗೆ ಹೇಳಲಾಗಲಿಲ್ಲ. ವ್ಯತ್ಯಾಸ ತಿಳಿಯಬಾರದೆಂದೇ ನಾನು ಒಂದೂವರೆ ತಿಂಗಳು ತಟ್ಟಿದ್ದೆ. ನಾನು ಕೆಲಸ ಚೆನ್ನಾಗಿ ಮಾಡಿದ್ದೇ ಈಗ ಅವಳಿಗೆ ಮುಳುವಾಯಿತು.

ಕೊನೆಗೆ ಸರ್ ಗುಬ್ಬಿಗೆ, ಬಿಡುವಿನಲ್ಲಿ ನೀನೂ ಅವನನ್ನು ಕೆಣಕಿದ್ದೀಯಂತೆ ಎಂದು, "ಒಂದೇ ಕೈಯಿಂದ ಚಪ್ಪಾಳೆ ಆಗಲ್ಲಮ್ಮ" ಎಂದರು. ನನಗೆ ತಡೆಯಲಾಗಲಿಲ್ಲ. "ಎರಡು ಕೈಯೂ ನನ್ನವೇ ಸರ್. ಎರಡೂ ಸುಮ್ಮನಿದ್ದವು" ಎಂದೆ. ಸರ್ ನನ್ನನ್ನು ಹೊರಗೆ ಕಳಿಸಿದರು.

ಮೂರನೇ ಪ್ರದರ್ಶನ ಶನಿವಾರ ಸಂಜೆಯೇ ಇತ್ತು, ಕಾಲೇಜುಗಳ ನಡುವಿನ ಸ್ಪರ್ಧೆಯ ತೀರ್ಪುಗಾರರು ಬರುವವರಿದ್ದರು. ಗುಬ್ಬಿ ಕಿವಿಗೆ ಹತ್ತಿ ಇಟ್ಟು, ಕೂದಲು ಇಳಿಬಿಟ್ಟುಕೊಂಡು ಬಂದಳು. ನೀನು ಮನೆಯಲ್ಲಿರಬಾರದಿತ್ತೇ ಎಂದು ಕೇಳಿದೆ. "ಪಾತ್ರ ನಂದು. ಬಿಡೋದಾದ್ರೆ ಅವನು ಬಿಡ್ಲಿ" ಎಂದಳು. ನನಗೆ ಚಪ್ಪಾಳೆ ತಟ್ಟಬೇಡ ಎಂದಳು. ಯಾಕೆಂದು ಹೇಳಲಿಲ್ಲ.

ದೃಶ್ಯ ಬಂದಾಗ ಅವಳು ತನ್ನ ಜಾಗದಲ್ಲಿ ನಿಲ್ಲದೆ ಮೇಜಿನ ಆಚೆಗೆ ಹೋಗಿ ನಿಂತಳು. ನಡುವೆ ನಾಲ್ಕು ಅಡಿ ಮೇಜು. ದೊರೆ ಕೈ ಎತ್ತಿದ. ಕೈ ಬೀಸಲು ಅಲ್ಲಿ ಯಾರೂ ಇರಲಿಲ್ಲ. ಗುಬ್ಬಿ ಮುಷ್ಟಿ ಬಿಗಿಯದೆ ಅವನನ್ನೇ ನೋಡುತ್ತಾ ತನ್ನ ಎರಡೂ ಮಾತುಗಳನ್ನು ನಿಧಾನವಾಗಿ ಹೇಳಿದಳು. ಅವನ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಮುಂದಿನ ಮಾತು ಅವನಿಗೆ ಮತ್ತೆ ಮರೆತುಹೋಯಿತು. ನಾನು ಎತ್ತಿಕೊಟ್ಟೆ. ನನ್ನ ಕೆಲಸ ನಾನು ಮಾಡಿದ್ದೇನೆ, ಇದನ್ನೂ ಬರೆದುಕೊಳ್ಳಬೇಕು. ಅವನು ಕೈ ಇಳಿಸಿ ಆ ಮಾತು ಹೇಳಿದ, ನಾಟಕ ಮುಂದೆ ಹೋಯಿತು. ಹೊಡೆಯದೆಯೂ ಆ ದೃಶ್ಯ ನಡೆಯಿತು.

ನಾಟಕ ಮುಗಿದ ಮೇಲೆ ಗ್ರೀನ್ ರೂಮಿನಲ್ಲಿ ದೊರೆ ಸರ್ ಎದುರಿಗೆ, ಇವರಿಬ್ಬರೂ ಸೇರಿ ನನ್ನ ಮರ್ಯಾದೆ ತೆಗೆದರು ಎಂದ. ಸರ್, ಇಬ್ಬರೂ ರಾಜಿಯಾಗಿ ಎಂದರು. ಆಗ ದೊರೆ ಗುಬ್ಬಿಯ ಮುಂದೆ ಬಂದು ಕೆನ್ನೆ ಒಡ್ಡಿ, "ತಗೋ, ನೀನೂ ಒಂದು ಹೊಡಿ. ಮುಗೀತು" ಎಂದ. ಸುತ್ತ ಇದ್ದವರು ಹೊಡಿ ಹೊಡಿ ಎಂದರು. ಅವರಿಗೆ ಅದೊಂದು ತಮಾಷೆಯಾಗಿತ್ತು.

ಗುಬ್ಬಿ, "ನಂಗೆ ಹೊಡೆಯೋದು ಬೇಡ. ಹೊಡೆದೆ ಅಂತ ಹೇಳು, ಸಾಕು" ಎಂದಳು.

ದೊರೆ, "ಆಯ್ತಪ್ಪ, ಏಟು ಬಿದ್ದಿರಬಹುದು" ಎಂದ.

"ಬೀಳೋಕೆ ಅದೇನು ಮರದಲ್ಲಿರೋ ಹಣ್ಣಾ?" ಎಂದಳು.

ದೊರೆ, "ಪಾತ್ರದೊಳಗೆ ಹೋಗ್ಬಿಟ್ಟಿದ್ದೆ. ಮೈಮೇಲೆ ಎಚ್ಚರ ಇರ್ಲಿಲ್ಲ" ಎಂದ. ಸರ್ ಅದಕ್ಕೆ ತಲೆಯಾಡಿಸಿದರು. ನಟರಿಗೆ ಹಾಗಾಗುವುದುಂಟು ಎಂದೂ ಹೇಳಿದರು.

ಆಗ ಗುಬ್ಬಿ, "ಪಾತ್ರದಲ್ಲಿ ಇದ್ದಿದ್ರೆ ನನ್ನ ಎರಡು ಮಾತು ಮುಗಿದ ಮೇಲೆ ಹೊಡೀತಿದ್ದೆ. ಆ ಅಣ್ಣ ಹೊಡೆಯೋದು ಆ ಮಾತು ಕೇಳಿ. ನೀನು ಅದನ್ನು ಕೇಳೋಕೂ ಕಾಯಲಿಲ್ಲ" ಎಂದಳು. ದೊರೆ ವೇಷದ ಅಂಗಿಯ ಗುಂಡಿ ಬಿಚ್ಚುತ್ತಾ ಗೋಡೆಯ ಕಡೆ ತಿರುಗಿದ. ಮುಟ್ಟಲೇ ಇಲ್ಲ ಎಂಬ ಮಾತನ್ನು ಆಮೇಲೆ ಅವನು ಹೇಳಿಲ್ಲ. ಹೊಡೆದೆ ಎಂದೂ ಹೇಳಿಲ್ಲ.

ನಿನ್ನೆ ಭಾನುವಾರ ನಾಟಕ ಮುಂದಿನ ಸುತ್ತಿಗೆ ಆಯ್ಕೆಯಾಗಿದೆ ಎಂದು ತಿಳಿಯಿತು. ಬರುವ ಶನಿವಾರ ಪ್ರದರ್ಶನ. ಅಣ್ಣನ ಪಾತ್ರ ದೊರೆಯದೇ. ಗುಬ್ಬಿಗೆ ವಿಶ್ರಾಂತಿ ಬೇಕೆಂದು ಹೇಳಿ, ತಂಗಿಯ ಪಾತ್ರವನ್ನು ಮೊದಲ ವರ್ಷದ ಹುಡುಗಿಯೊಬ್ಬಳಿಗೆ ಕೊಟ್ಟಿದ್ದಾರೆ. ನನಗೆ ಇನ್ನು ಬರಬೇಡ ಎಂದು ಸರ್ ಫೋನ್ ಮಾಡಿದರು. ಚಪ್ಪಾಳೆಯ ಸದ್ದನ್ನು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕುತ್ತಾರಂತೆ. ಆ ಹುಡುಗಿಗೆ ನಡೆದದ್ದನ್ನು ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಅವಳು, ಸರ್ ಇದ್ದಾರಲ್ಲ ಅಕ್ಕ ಎಂದಳು. ಇದನ್ನು ಕೇಳಿದ ಮೇಲೆ ಗುಬ್ಬಿ ಚಿಕ್ಕಮ್ಮನಿಗೂ ಹೇಳದೆ ಇಂದು ನನ್ನ ಜೊತೆ ಠಾಣೆಗೆ ಬಂದು ದೂರು ಕೊಟ್ಟಿದ್ದಾಳೆ.

ಹೇಳಿಕೆ ಬರೆದುಕೊಳ್ಳುತ್ತಿರುವವರು, ನಾಟಕ ಅಂದ ಮೇಲೆ ಹೊಡೆದಾಟ ಇದ್ದದ್ದೇ ಅಲ್ಲವೇ ಎಂದು ಕೇಳಿದರು. ನಾಟಕದಲ್ಲಿ ಹೊಡೆದಾಟ ಇರುತ್ತದೆ, ಹೊಡೆಯುವುದು ಇರುವುದಿಲ್ಲ ಎಂದೆ. ದೊರೆಗೆ ನಿಮ್ಮಿಬ್ಬರಲ್ಲಿ ಯಾರ ಜೊತೆಗಾದರೂ ಪ್ರೀತಿ ಪ್ರೇಮ ಇತ್ತೇ ಎಂದು ಕೇಳಿದರು. ಇಲ್ಲ. ಹಳೆಯ ದ್ವೇಷ ಇತ್ತೇ ಎಂದು ಕೇಳಿದರು. ಇಲ್ಲ. ಅವನು ಒಳ್ಳೆಯ ನಟ ಎಂದು ನಾನೇ ಹಲವರಿಗೆ ಹೇಳಿದ್ದೇನೆ. ಯಾಕೆ ಹೊಡೆದ ಎಂಬುದು ಅವನಿಗೆ ಗೊತ್ತು. ಶನಿವಾರಕ್ಕೆ ಮುಂಚೆ ಅವನನ್ನು ಕರೆಸಿ ವಿಚಾರಿಸಬೇಕೆಂದು ಕೋರುತ್ತೇನೆ.

ಮೇಲಿನದನ್ನು ನನಗೆ ಓದಿ ಹೇಳಿದ್ದಾರೆ. "ನಾಟಕದ ಭಾಗವಾಗಿ ಏಟು ಬಿದ್ದು" ಎಂದು ಒಂದು ಕಡೆ ಬರೆದಿದ್ದುದನ್ನು ನನ್ನ ಒತ್ತಾಯದ ಮೇಲೆ ಅಳಿಸಿ, ಅಲ್ಲಿ ನಾನು ಹೇಳಿದ್ದನ್ನೇ ಬರೆದಿದ್ದಾರೆ. ಉಳಿದದ್ದು ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ನಡೆದದ್ದೇ.

ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದ್ದಕ್ಕೆ ಹೇಳುವುದೇನೆಂದರೆ, ನನ್ನನ್ನು ಬೇಗ ಕಳಿಸಿಕೊಡಬೇಕು. ಗುಬ್ಬಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ಠಾಣೆಯ ಎದುರಿನ ರಸ್ತೆಯನ್ನು ಒಬ್ಬಳೇ ದಾಟುತ್ತೇನೆ ಎನ್ನುತ್ತಾಳೆ. ಎಡಗಡೆಯಿಂದ ಬರುವ ಗಾಡಿಗಳು ಅವಳಿಗೆ ಕೇಳಿಸುವುದಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನ: ಸೋಮವಾರ, ಮಧ್ಯಾಹ್ನ ಒಂದೂ ಕಾಲು ಗಂಟೆ
ಸಹಿ/-
(ಹೇಳಿಕೆ ಕೊಟ್ಟವಳು)