ನೆಗ್ಗಿದ ಕಾರು

ಗ್ಯಾರೇಜಿನ ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿ, ತನ್ನ ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದ ದರ್ಜಿಗೆ ಪಕ್ಕದ ತಾಯಿ ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಎದುರಿಗೆ ಅವರ ಹದಿನೆಂಟು ವರ್ಷದ ಕಾರು ಬಾನೆಟ್ ತೆರೆದು ಆಕಳಿಸುತ್ತ ನಿಂತಿತ್ತು.

“ಅಮ್ಮ, ಕ್ಲಚ್ಚು ಸವೆದಿದೆ, ರೇಡಿಯೇಟರ್ ಸೋರ್ತಿದೆ. ಇದಕ್ಕೊಂದು ಕೈ ಮುಗಿದು ಹೊಸದು ತಗೊಳ್ಳೋಣ.”

“ಹೊಸದು ನೀನೂ ನಿಮ್ಮಪ್ಪನೂ ತಗೊಳ್ಳಿ. ಇದನ್ನ ಮಾತ್ರ ರಿಪೇರಿ ಮಾಡ್ಸು.”

“ಎರಡೆರಡು ಕಾರು ಯಾಕಮ್ಮ? ಇದನ್ನ ಓಡಿಸೋರು ಯಾರು?”

“ನಾನು.”

“ನೀನಾ!”

“ಮೆಲ್ಲಗೆ ಕಣೇ! ಅವರು ಕೇಳಿಸ್ಕೊಳ್ತಿದ್ದಾರೆ.”

ದರ್ಜಿ ಥಟ್ಟನೆ ಮೂಲೆಯಲ್ಲಿದ್ದ ಟೈರುಗಳನ್ನು ಎಣಿಸತೊಡಗಿದ.

“ಯಾವಾಗ ಕಲಿತೆ?”

“ಮೂರು ತಿಂಗಳಿಂದ, ನಿಮ್ಮಪ್ಪ ಆಫೀಸಿಗೆ ಹೋದ ಮೇಲೆ. ನಿನ್ನೆ ಲೈಸೆನ್ಸ್ ಬಂತು, ನೋಡು!”

“ಅಯ್ಯೋ, ಫೋಟೋದಲ್ಲಿ ಹೇಗೆ ಹಲ್ಲು ಬಿಟ್ಟಿದ್ದೀಯ! ಹಾಗಾದ್ರೆ ಹೊಸದನ್ನೇ ಓಡ್ಸು.”

“ಹೊಸದನ್ನ ಮುಟ್ಟೋಕೆ ಬಿಡ್ತಾರಾ ನಿಮ್ಮಪ್ಪ? ಇದನ್ನಾದ್ರೆ ಅವರೇ ನಾಲ್ಕೂ ಕಡೆ ನೆಗ್ಗಿಸಿಟ್ಟಿದ್ದಾರೆ. ಐದನೇದು ನಂದು ಅಂತ ಯಾರಿಗೆ ಗೊತ್ತಾಗುತ್ತೆ?”

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮೆಕ್ಯಾನಿಕ್‌ನತ್ತ ತಿರುಗಿ ಕೂಗಿದಳು:

“ಅಣ್ಣಾ, ರಿಪೇರಿನೇ ಮಾಡಿ!”

“ಸಾಮಾನು ನಾಳೆ ಬರುತ್ತೆ ಮೇಡಂ. ಈಗ ನೀರು ತುಂಬ್ಸಿದ್ದೀನಿ, ಮನೆ ತನಕ ಧಾರಾಳವಾಗಿ ಹೋಗುತ್ತೆ.”

“ಕೀ ಕೊಡೇ ಇಲ್ಲಿ.”

“ಈಗಲೇನಾ ಅಮ್ಮ?”

“ಇನ್ಯಾವಾಗ?”

ತಾಯಿ ಸೆರಗು ಸಿಕ್ಕಿಸಿಕೊಂಡು ಸ್ಟೀರಿಂಗ್ ಮುಂದೆ ಕುಳಿತಳು. ಕಾರು ಗೇಟಿನತ್ತ ಒಮ್ಮೆ ಜಿಗಿದು ನಿಂತಿತು.

ದರ್ಜಿ ಎಣಿಕೆ ಬಿಟ್ಟು ಓಡಿಹೋಗಿ, ತನ್ನ ಸ್ಕೂಟರನ್ನು ಕಂಬದ ಹಿಂದಕ್ಕೆ ತಳ್ಳಿಕೊಂಡು ಹೋದ.