ಎದೆ ನೋವಂತೆ

ನಗೋದಾದ್ರೆ ಈಗಲೇ ನಕ್ಕು ಮುಗಿಸಿಬಿಡಿ. ಮಧ್ಯದಲ್ಲಿ ಕಿಸಕ್ ಅಂದ್ರೆ ಎದ್ದು ಹೋಗ್ತೀನಿ, ಹೇಳಿದೀನಿ. ಎಲ್ಲೋ ಯಾರಿಗೋ ಆಗಿದ್ದಲ್ಲ ಇದು. ನನ್ನ ಚಿಕ್ಕಮ್ಮನ ಮಗನಿಗೇ ಆಗಿದ್ದು.

ಅವನನ್ನ ನಾವೆಲ್ಲ ರಿಪೇರಿ ಅಂತ್ಲೇ ಕರೆಯೋದು. ಚಿಕ್ಕವನಿದ್ದಾಗ ಗಡಿಯಾರ, ರೇಡಿಯೋ, ಏನು ಸಿಕ್ಕಿದ್ರೂ ಬಿಚ್ಚಿ ಹರವ್ಕೊಂಡು ಕೂರ್ತಿದ್ದ. ತಿರುಗಿ ಜೋಡಿಸೋಕೆ ಬರ್ತಿರ್ಲಿಲ್ಲ, ಅದು ಬೇರೆ ಮಾತು. ಈಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದಾನೆ. ದೆವ್ವ ಅಂದ್ರೆ 'ಅದರ ಪ್ಲಗ್ ಎಲ್ಲಿದೆ ತೋರ್ಸಿ, ಕಿತ್ತಾಕ್ತೀನಿ' ಅನ್ನೋ ಆಸಾಮಿ.

ಅವತ್ತು ಅಂಗಡಿ ಬಾಗಿಲು ಹಾಕೋದು ತಡವಾಯ್ತು. ಹಿಂದಿನ ಗಲ್ಲಿ ಹಿಡಿದು ಬರ್ತಿದ್ದ. ಅಲ್ಲೊಂದು ಹಾಳು ಬಾವಿ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದಾರೆ. ದಾಟೋವಾಗ ಒಳಗೆ... ಬುಳುಕ್... ಅಂತು. ಕಪ್ಪೆ ಅಂದ್ಕೊಂಡ. ಕಪ್ಪೇನೇ ಇರ್ಬಹುದು ಬಿಡಿ, ನಾನು ಬಾವಿ ಕತೆ ಹೇಳ್ತಿಲ್ಲ. ಬಾವಿ ಆಚೆಗಿನ ಮನೆ ಗೇಟಲ್ಲಿ ಯಾರೋ ನಿಂತಿದ್ರು.

"ರಿಪೇರಿ... ಒಂದು ನಿಮಿಷ ಬಾರಪ್ಪ."

ಸಿಸ್ಟರ್. ಆಸ್ಪತ್ರೇಲಿ ನರ್ಸು, ಅದಕ್ಕೇ ಇಡೀ ಬೀದಿಗೆ ಸಿಸ್ಟರ್. ಅವರ ಯಜಮಾನ್ರೂ ಹಾಗೇ ಕರೀತಿದ್ರು. 'ಕಟ್ಕೊಂಡ ಹೆಂಡ್ತೀನ ಸಿಸ್ಟರ್ ಅಂತೀಯಲ್ಲೋ ಮಹರಾಯ' ಅಂತ ಎಷ್ಟು ರೇಗಿಸಿದ್ರೂ ಬಿಡ್ಲಿಲ್ಲ. ಆ ಮನುಷ್ಯ ಸತ್ತು ಇನ್ನೂ ತಿಂಗಳಾಗಿರ್ಲಿಲ್ಲ. ಹಾಲ್‌ನಲ್ಲಿ, ಕಂಪ್ಯೂಟರ್ ಮುಂದೆ, ಕುರ್ಚೀಲೇ. ಸಿಸ್ಟರ್ ಡಬಲ್ ಡ್ಯೂಟಿ ಮುಗಿಸಿ ಬಂದು ಒಳಗೆ ಕೋಣೇಲಿ ಮಲಗಿದ್ರು. ಬೆಳಿಗ್ಗೆ ಎದ್ದು ಬಂದು ಮುಟ್ಟಿದ್ರೆ ತಣ್ಣಗೆ.

ಸಾವಿಗೆ ಅಂತ ಬಂದ ನಾದಿನಿ ಅಲ್ಲೇ ಉಳಿದಿದ್ಲು. ಬಂದೋರಿಗೆಲ್ಲ ಅವಳದ್ದು ಒಂದೇ ರಾಗ. "ನಮ್ಮಣ್ಣ ಕೂಗೇ ಇರ್ತಾನೆ. ಇವಳು ಕುಂಭಕರ್ಣನ ಹಾಗೆ ಬಿದ್ಕೊಂಡಿದ್ಲು. ನರ್ಸಂತೆ ನರ್ಸು!" ಆ ಬಾಯಿಗೆ ಬೀಗ ಹಾಕೋರು ಯಾರೂ ಇರ್ಲಿಲ್ಲ. ಸಿಸ್ಟರ್ ತಿರುಗಿ ಮಾತಾಡ್ಲಿಲ್ಲ, ಅಳ್ಲೂ ಇಲ್ಲ. ನನ್ನ ಹತ್ರ ಒಂದೇ ಸಲ ಅಂದಿದ್ರು: "ನಿಜವಾಗ್ಲೂ ಕೂಗಿದ್ರಾ, ನನಗೇ ಕೇಳಿಸ್ಲಿಲ್ವಾ... ಅಷ್ಟು ಗೊತ್ತಾದ್ರೆ ಸಾಕು. ಮಿಕ್ಕಿದ್ದೆಲ್ಲ ಮರಗಟ್ಟಿ ಹೋಗಿದೆ."

ಸರಿ, ರಿಪೇರಿ ಒಳಗೆ ಹೋದ. ಸಿಸ್ಟರ್ ಪಿಸುಗುಟ್ಟಿದ್ರು. "ಮೆಲ್ಲಗೆ. ಒಳಗೆ ನಾದಿನಿ ಮಲಗಿದಾಳೆ."

"ಏನಾಗಿದೆ ಸಿಸ್ಟರ್?"

"ಕಂಪ್ಯೂಟರಲ್ಲಿ ಏನು ಹುಡುಕಿದ್ರೂ ಒಂದೇ ಕಡೆ ಹೋಗುತ್ತೆ."

ಅವನು ನಿಂತ್ಕೊಂಡೇ 'ಬಸ್ ಟೈಂ' ಅಂತ ಹೊಡೆದ. ಅಕ್ಷರಗಳು ಅಳಿಸಿಹೋದ್ವು. ಅದೇ ಜಾಗದಲ್ಲಿ ಬೇರೆ ಮಾತು ಮೂಡ್ತು... 'ಎದೆ ನೋವು ಎಡಗೈ ಜೋಮು'. ಕೂಡಲೇ ಪುಟ ಹಾರಿ ಒಂದು ಜಾಹೀರಾತು. ಹಳದಿ ಡಬ್ಬಿ. 'ಎದೆ ನೋವೇ? ಚಿಂತೆ ಬಿಡಿ, ಬರೀ ಗ್ಯಾಸ್! ನಮ್ಮ ಪುಡಿಯೇ ರಾಮಬಾಣ!'

ಆ ಗ್ಯಾಸ್ ಅನ್ನೋ ಮಾತಿಗೆ ಬೆಂಕಿ ಬೀಳ! ನಮ್ಮವರಿಗೆ ಬೆನ್ನು ಹಿಡಿದ್ರೂ ಗ್ಯಾಸು, ತಲೆ ತಿರುಗಿದ್ರೂ ಗ್ಯಾಸು. ಹೃದಯ ಅನ್ನೋದು ಬೇರೆಯವರ ಮನೇಲಿ ಮಾತ್ರ ಇರೋದು.

"ಬ್ರೌಸರ್ ಹೈಜಾಕ್ ಆಗಿದೆ," ಅಂದ ರಿಪೇರಿ. "ಮಧ್ಯದಲ್ಲಿ ಒಬ್ಬ ದಲ್ಲಾಳಿ ಕೂತಿದಾನೆ. ನೀವು ಎಲ್ಲಿಗೆ ಅಂದ್ರೂ ತನಗೆ ಲಾಭ ಇರೋ ಅಂಗಡಿಗೇ ಕರ್ಕೊಂಡು ಹೋಗ್ತಾನೆ. ಈಗಲೇ ಓಡಿಸ್ತೀನಿ."

ಪುಟ ಹಾರೋದೇನೋ ಅವನಿಗೆ ಅರ್ಥ ಆಯ್ತು. ಹೊಡೆದ ಮಾತೇ ಯಾಕೆ ಬದಲಾಗುತ್ತೆ, ಅದು ಮಾತ್ರ ಆಗ್ಲಿಲ್ಲ. ಆಮೇಲೆ ನೋಡೋಣ ಅಂತ ಪಕ್ಕಕ್ಕಿಟ್ಟ. ಕುರ್ಚೀಲಿ ಕೂರೋಕೆ ಮನಸ್ಸಾಗದೆ ಸ್ಟೂಲ್ ಎಳ್ಕೊಂಡ... ಕಿರ್ರ್... ಅಂತು. ಇಬ್ಬರೂ ಕೋಣೆ ಕಡೆ ನೋಡಿದ್ರು. ಸದ್ಯ, ಅವಳು ಏಳ್ಲಿಲ್ಲ.

ಕಳ್ಳ ಬೇಗನೇ ಸಿಕ್ಕಿದ. ಹಳೇ ಹಾಡು ಪುಕ್ಕಟೆ ಇಳಿಸ್ಕೊಳ್ಳೋಕೆ ಅಂತ ಯಜಮಾನ್ರು ಯಾವುದೋ ಪ್ರೋಗ್ರಾಂ ಹಾಕ್ಕೊಂಡಿದ್ರು. ಅದರ ಬಾಲ ಹಿಡ್ಕೊಂಡು ಈ ದಲ್ಲಾಳಿ ಒಳಗೆ ನುಗ್ಗಿ, ಹುಡುಕೋ ಜಾಗದಲ್ಲಿ ತನ್ನ ಹೆಸರು ಬರ್ಕೊಂಡು ಕೂತಿದ್ದ.

"ಇದು ಯಾವಾಗಿಂದ ಇದೆ?" ಸಿಸ್ಟರ್ ಕೇಳಿದ್ರು.

"ಅವರಿದ್ದಾಗಿಂದ..."

"ಅವತ್ತು ರಾತ್ರಿನೂ ಇತ್ತಾ?"

ರಿಪೇರಿ ಹೌದು ಅಂತ ತಲೆ ಆಡಿಸಿದ. ಸಿಸ್ಟರ್ ಹಳದಿ ಡಬ್ಬಿಯನ್ನೇ ನೋಡಿದ್ರು. ಆಮೇಲೆ, "ಹೂಂ. ತೆಗಿ" ಅಂದ್ರು, ಅಷ್ಟೇ. ಕಣ್ಣಲ್ಲಿ ಒಂದು ಹನಿ ಇಲ್ಲ.

ಕಿತ್ತು ಹಾಕಿದ. ಬ್ರೌಸರನ್ನ ಮೊದಲಿನ ಹಾಗೆ ಮಾಡಿದ. ವೈರಸ್ ಹುಡುಕೋ ಪ್ರೋಗ್ರಾಮನ್ನೂ ಹಾಕಿ ನೋಡಿದ. ಏನೂ ಉಳಿದಿರ್ಲಿಲ್ಲ. ಕೀಬೋರ್ಡಲ್ಲಿ ಯಾವುದಾದ್ರೂ ಕೀ ಅಂಟ್ಕೊಂಡಿದೆಯಾ ನೋಡೋಣ ಅಂತ ಅದರ ವೈರು ಕಿತ್ತು ತೊಡೆ ಮೇಲೆ ಇಟ್ಕೊಂಡ.

ಆಗ... ಟಕ್.

ಕೆಳಗೆ ನೋಡಿದ. ತೊಡೆ ಮೇಲೆ ಒಂದು ಕೀ ತಾನಾಗೇ ತಗ್ಗಿ ಮೇಲೆದ್ದಿತ್ತು. ಟಕ್... ಇನ್ನೊಂದು. ಟಕ್... ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತೋರ ಹಾಗೆ. ವೈರಿನ ತುದಿ ನೆಲದ ಮೇಲೆ ಬಿದ್ದಿದೆ, ಕಣ್ಣಾರೆ ಕಾಣ್ತಿದೆ. ಆದ್ರೂ ಮಾನಿಟರ್ ಮೇಲೆ ಅಕ್ಷರ ಬರ್ತಾ ಇವೆ.

'ಎದೆ ನೋವು ಎಡಗೈ ಜೋಮು'... ಅಳಿಸ್ತು.

'ಬೆವರು ಜಾಸ್ತಿ'... ಅಳಿಸ್ತು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನಿಧಾನಕ್ಕೆ... 'ಡಬಲ್ ಡ್ಯೂಟಿ ಮಾಡಿ ಮಲಗಿದಾರೆ ಎಬ್ಬಿಸೋದಾ ಬೇಡ್ವಾ'.

ಅಲ್ಲ ಕಣ್ರೀ, ಇದನ್ನ ಯಾರಾದ್ರೂ ಕಂಪ್ಯೂಟರನ್ನ ಕೇಳ್ತಾರಾ? ಬಾಗಿಲು ಅಲ್ಲೇ ಇದೆ, ನಾಲ್ಕು ಹೆಜ್ಜೆ. ಕೇಳಿದ್ದಾರೆ ಪುಣ್ಯಾತ್ಮ! ಅವತ್ತು ಅದಕ್ಕೂ ಆ ಹಳದಿ ಡಬ್ಬಿನೇ ಬಂದಿರಬೇಕು.

ಇವತ್ತು ದಲ್ಲಾಳಿ ಇರ್ಲಿಲ್ಲ. ಬೇರೆ ಪುಟ ತೆರೀತು. ಬಿಳೀ ಪುಟ, ಕಪ್ಪು ಅಕ್ಷರ. 'ಇದು ಗ್ಯಾಸ್ ಅಲ್ಲದಿರಬಹುದು. ತಡಮಾಡಬೇಡಿ. ಮನೆಯಲ್ಲಿ ಇರುವವರನ್ನು ಕೂಡಲೇ ಕರೆಯಿರಿ.'

ಕೀಗಳು ನಿಂತುಹೋದ್ವು. ಫ್ಯಾನಿನ ಗುಂಯ್ ಒಂದೇ. ಆಮೇಲೆ ಖಾಲಿ ಕುರ್ಚಿಯ ಸ್ಪ್ರಿಂಗು... ಕಿಂಯ್ಕ್... ಅಂತು.

"ಸಿಸ್ಟರ್..."

ಗಂಡಸಿನ ದನಿ. ಜೋರಾಗೇನಿಲ್ಲ. ತೊಂದರೆ ಕೊಡೋಕೆ ನಾಚ್ಕೊಂಡ ಹಾಗೆ.

"ಎದ್ದಿದೀನಿ," ಅಂದ್ರು ಸಿಸ್ಟರ್. "ಬಂದೆ."

ಕುರ್ಚಿ ಪಕ್ಕ ಮಂಡಿಯೂರಿ ಕೂತ್ರು. ಮೂರು ಬೆರಳು ಚಾಚಿ ನಾಡಿ ಹಿಡಿದ್ರು. ಕುರ್ಚಿ ಕೈ ಮೇಲಲ್ಲ... ಅದಕ್ಕಿಂತ ಸ್ವಲ್ಪ ಮೇಲೆ, ಗಾಳೀಲಿ. ಬೆರಳು ಕೆಳಗಿಳೀಲಿಲ್ಲ. ಗೋಡೆ ಗಡಿಯಾರ ನೋಡ್ತಾ ತುಟಿ ಆಡಿಸಿ ಎಣಿಸ್ತಿದ್ರು. ರಿಪೇರಿ ಹೊರಬಾಗಿಲ ಕಡೆ ನೋಡಿದ. ಓಡೋಣ ಅಂದ್ರೆ ಸ್ಟೂಲಿಂದ ಏಳೋಕೇ ಆಗ್ತಿಲ್ಲ.

ಕೋಣೆ ಬಾಗಿಲು ತೆರೀತು. ನಾದಿನಿ, ಕೂದಲು ಕೆದರ್ಕೊಂಡು, ಅರೆನಿದ್ದೇಲಿ.

"ಅತ್ತಿಗೆ... ಅಣ್ಣ ಯಾಕೆ ಕೂಗ್ದ?"

ಸಿಸ್ಟರ್ ತಲೆ ಎತ್ತಲಿಲ್ಲ.

"ಎದೆ ನೋವಂತೆ."

ನಾದಿನಿ ಅಲ್ಲೇ ನಿಂತ್ಲು. ಕುರ್ಚಿ ನೋಡಿದ್ಲು, ಅತ್ತಿಗೆ ಬೆರಳು ನೋಡಿದ್ಲು. ಅಷ್ಟು ದಿನ ಬೆಂಕಿ ಉಗುಳಿದ ಬಾಯಿ, ಸಣ್ಣ ಮಗುವಿನ ಹಾಗೆ ಕೇಳ್ತು. "ಅವತ್ತು... ಕೂಗಿರ್ಲಿಲ್ವಾ ಅತ್ತಿಗೆ?"

"ಇಲ್ಲ. ಈಗ ಕೂಗಿದ್ರು."

ಅವಳು ಬಂದು ಕುರ್ಚಿಯ ಇನ್ನೊಂದು ಪಕ್ಕ ನಿಂತ್ಲು. ಸಿಸ್ಟರ್ ಆಸ್ಪತ್ರೇಲಿ ಹೇಳೋ ದನೀಲೇ ಹೇಳಿದ್ರು: "ರಿಪೇರಿ, ಒಂದು ಆಟೋ ತಗೊಂಡು ಬಾ."

ಆ ದನಿಗೆ ಯಾರೂ ಎದುರು ಹೇಳೋ ಹಾಗಿಲ್ಲ. ಹೋದ, ತಂದ. ಹೆಂಗಸರಿಬ್ಬರೂ ಹೊರಗೆ ಬಂದ್ರು. ನಡುವೆ ಒಬ್ಬರು ಹಿಡಿಸೋವಷ್ಟು ಜಾಗ ಬಿಟ್ಕೊಂಡು, ಆ ಜಾಗದ ಕಡೆಗೆ ಒಂದೊಂದು ಕೈ ಆನಿಸಿ, ನಿಧಾನಕ್ಕೆ ಹೆಜ್ಜೆ ಇಡ್ತಾ. ಆಟೋದವನು ಹಿಂದೆ ತಿರುಗಿ, "ಯಜಮಾನ್ರನ್ನ ಮಧ್ಯ ಕೂರಿಸ್ಕೊಳಿ ಅಮ್ಮ, ಗಾಳಿ ಹೊಡೆಯುತ್ತೆ" ಅಂದ.

ಆಟೋ ಹೋಯ್ತು. ರಿಪೇರಿ ಗೇಟು ಹಿಡ್ಕೊಂಡೇ ನಿಂತಿದ್ದ. ಬೆಳಗಾಗೋಕೆ ಮುಂಚೆ ಇಬ್ಬರೂ ವಾಪಸ್ ಬಂದ್ರು. ಸಿಸ್ಟರ್ ಒಳಗೆ ಹೋಗಿ ಮಲಗಿದವರು ಮಾರನೇ ದಿನ ಮಧ್ಯಾಹ್ನದವರೆಗೂ ಏಳ್ಲಿಲ್ಲ. ನಾದಿನಿ ಬಾಗಿಲಲ್ಲಿ ಕೂತು, ಬಂದೋರಿಗೆಲ್ಲ "ಮಲಗಿದಾರೆ, ಎಬ್ಬಿಸ್ಬೇಡಿ" ಅಂತಿದ್ಲು. ಕಂಪ್ಯೂಟರ್ ಈಗ ನೆಟ್ಟಗಿದೆ, ಏನು ಕೇಳಿದ್ರೆ ಅದನ್ನೇ ತೋರ್ಸುತ್ತೆ.

ರಿಪೇರಿಗೆ ಭ್ರಮೆ ಅಂತೀರಾ? ಅನ್ನಿ. ನಾನೂ ಮೊದಲು ಹಾಗೇ ಅಂದೆ. ಆಮೇಲೆ ಆ ಆಟೋದವನನ್ನ ನಾನೇ ಹುಡುಕ್ಕೊಂಡು ಹೋಗಿ ಕೇಳಿದೆ. ಊರಿಗೆ ಹೊಸಬ, ಇವರ ಮುಖ ಪರಿಚಯ ಇಲ್ಲ, ಸತ್ತಿದ್ದೂ ಗೊತ್ತಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಹೆಂಗಸರು ಆಟೋದಲ್ಲೇ ಕೂತಿದ್ರಂತೆ, ಯಜಮಾನ್ರು ಒಬ್ಬರೇ ಇಳಿದು ಒಳಗೆ ನಡ್ಕೊಂಡು ಹೋದ್ರಂತೆ. ಪಾಪ, ಕಾಲಲ್ಲಿ ಚಪ್ಪಲಿ ಇರ್ಲಿಲ್ಲ ಅಂದ.